ಉಮೇದುವಾರಿಕೆಯಿಂದ ನೆನಪೋಲೆಗೆ: ನೌಕರಿ ಕೇಳಿದ ಮೇಲಿನ ಕಾಯುವಿಕೆಯ ಚರಿತ್ರೆ

ನೌಕರಿ ಕೇಳುವ ವ್ಯವಹಾರಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಮಾತುಗಳಲ್ಲಿ ಬಹುಪಾಲು ಪಾರಸಿ ಮತ್ತು ಅರಬ್ಬಿ ಮೂಲದವು. ನೌಕರಿ, ಚಾಕರಿ, ಹುದ್ದೆ, ಅರ್ಜಿ, ಶಿಫಾರಸು, ವಶೀಲಿ, ದಫ್ತರು ಎಂಬಿವು ಹಲವು ಆಳ್ವಿಕೆಗಳ ಕಚೇರಿಗಳಲ್ಲಿ ರೂಢಿಯಾಗಿ, ಅಲ್ಲಿಂದ ಮನೆಮಾತಿಗೆ ಇಳಿದವು. ಇವುಗಳ ನಡುವೆ 'ಉಮೇದುವಾರ' ಎಂಬ ಪದಕ್ಕೆ ವಿಶೇಷವಾದ ಸ್ಥಾನವಿದೆ. ಪಾರಸಿಯಲ್ಲಿ 'ಉಮೇದ್' ಎಂದರೆ ಆಸೆ, ಭರವಸೆ. ಆ ಭರವಸೆಯನ್ನು ಹೊತ್ತವನೇ ಉಮೇದುವಾರ. ಕನ್ನಡದಲ್ಲಿ 'ಉಮೇದು' ಎಂಬುದು ಹುರುಪು, ಉತ್ಸಾಹ ಎಂಬ ಅರ್ಥಕ್ಕೆ ಸರಿದುಕೊಂಡಿತಾದರೂ 'ಉಮೇದುವಾರ' ಮಾತ್ರ ಹಳೆಯ ಅರ್ಥವನ್ನು ಬಿಡದೆ, ಹುದ್ದೆಯೊಂದನ್ನು ಕೇಳಿ ಇನ್ನೂ ಪಡೆಯದವನು ಎಂಬ ಅರ್ಥದಲ್ಲಿಯೇ ಉಳಿದುಕೊಂಡಿತು. ಕೇಳಿದ ದಿನಕ್ಕೂ ಉತ್ತರ ಸಿಕ್ಕ ದಿನಕ್ಕೂ ನಡುವಿನ ಅವಧಿಯಲ್ಲಿ ಅಭ್ಯರ್ಥಿಯಾದವನು ಏನು ಮಾಡಬೇಕು, ಏನು ಮಾಡಬಾರದು ಎಂಬುದು ಈಗ ಸಂದರ್ಶನದ ನಂತರದ 'ಫಾಲೋಅಪ್' ಎಂಬ ಹೆಸರಿನಲ್ಲಿ ಚರ್ಚೆಯಾಗುತ್ತಿದ್ದರೂ, ಆ ಪ್ರಶ್ನೆ ಕಚೇರಿಯಷ್ಟೇ ಹಳೆಯದು.

ಪಾರಸಿ ಪದಗಳು ಬರುವ ಮೊದಲು ಕನ್ನಡದಲ್ಲಿ ಇದೇ ಕ್ರಿಯೆಗೆ 'ಬಿನ್ನಹ', 'ಬಿನ್ನವತ್ತಳೆ' ಎಂಬ ಮಾತುಗಳಿದ್ದವು. ಬಿನ್ನಹವೆಂಬುದು ಸಂಸ್ಕೃತದ 'ವಿಜ್ಞಾಪನ'ದ ತದ್ಭವ; ದೊರೆಗೋ ಅಧಿಕಾರಿಗೋ ವಿಷಯವನ್ನು ಅರಿಕೆ ಮಾಡುವುದು ಎಂದು ಅದರ ಅರ್ಥ. ದತ್ತಿ ಶಾಸನಗಳಲ್ಲಿ ಇಂಥವನು ಬಿನ್ನಹ ಮಾಡಲಾಗಿ ಅರಸನು ಭೂಮಿಯನ್ನು ಕೊಟ್ಟನೆಂಬ ಒಕ್ಕಣೆ ಮೇಲಿಂದ ಮೇಲೆ ಕಾಣುತ್ತದೆ. ಶಾಸನದಲ್ಲಿ ನಿಲ್ಲುವುದು ಫಲ ಕೊಟ್ಟ ಬಿನ್ನಹ ಮಾತ್ರ, ಫಲಿಸದ ಬಿನ್ನಹವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲವಾದ್ದರಿಂದ, ಕಾದು ಕಾದು ಬರಿಗೈಯಲ್ಲಿ ಮರಳಿದವರ ಚರಿತ್ರೆ ಕಾಗದದ ಯುಗ ಬರುವವರೆಗೂ ನಮಗೆ ದೊರೆಯುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕಚೇರಿಗಳಲ್ಲಿ ಉಮೇದುವಾರಿಕೆ ಎಂಬುದು ಮನೋಭಾವವಷ್ಟೇ ಆಗಿರದೆ ಒಂದು ಪದ್ಧತಿಯೇ ಆಗಿತ್ತು. ಇಂಗ್ಲಿಷರ ಕಚೇರಿಗಳಲ್ಲಿ ಈ ಪದ ಎಷ್ಟು ನಿತ್ಯದ್ದಾಗಿತ್ತೆಂದರೆ, ಆಂಗ್ಲೋ-ಇಂಡಿಯನ್ ಪದಗಳ ಪ್ರಸಿದ್ಧ ಕೋಶವಾದ 1886ರ 'ಹಾಬ್ಸನ್-ಜಾಬ್ಸನ್' ಅದಕ್ಕೆ ಒಂದು ನಮೂದನ್ನೇ ಕೊಟ್ಟಿದೆ. ನೌಕರಿಯ ಆಸೆಯುಳ್ಳ ಯುವಕನು ತಾಲ್ಲೂಕು ಕಚೇರಿಯಲ್ಲೋ ಹುಜೂರು ಕಚೇರಿಯಲ್ಲೋ ಸಂಬಳವಿಲ್ಲದೆ ದಿನವೂ ಹಾಜರಾಗಿ, ಗುಮಾಸ್ತರ ಪಕ್ಕದಲ್ಲಿ ಕುಳಿತು ನಕಲು ಬರೆಯುತ್ತ, ಲೆಕ್ಕ ಕೂಡುತ್ತ, ದಫ್ತರಿನ ಕಟ್ಟುಗಳನ್ನು ಎತ್ತಿಡುತ್ತ ಕೆಲಸ ಕಲಿಯುತ್ತಿದ್ದನು. ಯಾರಾದರೂ ರಜೆಯ ಮೇಲೆ ಹೋದರೆ ಅವರ ಬದಲಿಗೆ ತಾತ್ಕಾಲಿಕವಾಗಿ ನಿಂತು, ಜಾಗ ಖಾಲಿಯಾದಾಗ ಶಿರಸ್ತೇದಾರನ, ಎಂದರೆ ಕಚೇರಿಯ ಮುಖ್ಯ ಗುಮಾಸ್ತನ, ಮಾತಿನ ಮೇಲೆ ಕಾಯಂ ಆಗುವ ನಿರೀಕ್ಷೆ ಅವನದಾಗಿತ್ತು. ಇಲ್ಲಿ ಅರ್ಜಿ, ತರಬೇತಿ, ಸಂದರ್ಶನ, ಜ್ಞಾಪನೆ ಎಂಬ ನಾಲ್ಕೂ ಬೇರೆಬೇರೆಯಾಗಿರಲಿಲ್ಲ, ಪ್ರತಿದಿನ ಕಣ್ಣಿಗೆ ಬೀಳುವುದೇ ನಾಲ್ಕರ ಕೆಲಸವನ್ನೂ ಮಾಡುತ್ತಿತ್ತು. ಗುಮಾಸ್ತಿಕೆಯನ್ನು ಕಲಿಸುವ ಶಾಲೆಗಳಿಲ್ಲದ ಕಾಲದಲ್ಲಿ ಈ ಪದ್ಧತಿಗೆ ಅದರದೇ ಆದ ಸಮರ್ಥನೆಯೂ ಇತ್ತು. ಮೋಡಿ ಲಿಪಿಯನ್ನು, ಅಂದರೆ ಮರಾಠಿ ಲೆಕ್ಕಪತ್ರಗಳ ಕೂಡುಬರಹವನ್ನು, ಓದಿ ಬರೆಯಲು ಕಲಿಯುವುದಕ್ಕೆ ಕಚೇರಿಯ ಜಗುಲಿಗಿಂತ ಒಳ್ಳೆಯ ಪಾಠಶಾಲೆ ಆಗ ಇರಲಿಲ್ಲ.

ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಯಲು ಯಾರಿಂದ ಸಾಧ್ಯ ಎಂದು ಕೇಳಿಕೊಂಡರೆ ಈ ಪದ್ಧತಿಯ ಅನ್ಯಾಯ ಸ್ಪಷ್ಟವಾಗುತ್ತದೆ. ಊರಿನಲ್ಲಿ ಗುತ್ತಿಗೆ ಬರುವ ಜಮೀನುಳ್ಳವರು, ಪಟ್ಟಣದಲ್ಲಿ ಊಟ ಹಾಕುವ ನೆಂಟರುಳ್ಳವರು, ಕಚೇರಿಯ ಒಳಗೆ ಮಾವನೋ ದೊಡ್ಡಪ್ಪನೋ ಇದ್ದವರು ಮಾತ್ರ ಕಾಯಬಲ್ಲವರಾಗಿದ್ದರು. ಕೂಲಿಯಿಂದ ಬದುಕುವ ಮನೆಯ ಹುಡುಗನಿಗೆ, ಕಚೇರಿಯ ಹೊಸ್ತಿಲೇ ನಿಷಿದ್ಧವಾಗಿದ್ದ ಜಾತಿಗಳವರಿಗೆ, ಹೆಂಗಸರಿಗೆ ಈ ಕಾಯುವಿಕೆಯ ಅವಕಾಶವೇ ಇರಲಿಲ್ಲ. ಇದು ಆಡಳಿತದ ಗಮನಕ್ಕೂ ಬಾರದೆ ಇರಲಿಲ್ಲ. ಮದ್ರಾಸಿನ ರೆವಿನ್ಯೂ ಬೋರ್ಡು 1854ರಲ್ಲಿಯೇ ಒಂದು ಸ್ಥಾಯಿ ಆದೇಶದ ಮೂಲಕ, ಜಿಲ್ಲೆಯ ಅಧೀನ ಹುದ್ದೆಗಳು ಕೆಲವೇ ಪ್ರಭಾವಿ ಮನೆತನಗಳ ಸ್ವತ್ತಾಗದಂತೆ ಕಲೆಕ್ಟರರು ಎಚ್ಚರ ವಹಿಸಬೇಕೆಂದೂ, ಮುಖ್ಯ ಹುದ್ದೆಗಳನ್ನು ಹಲವು ಜಾತಿಗಳಿಗೆ ಹಂಚಲು ಯತ್ನಿಸಬೇಕೆಂದೂ ಸೂಚಿಸಿತು. ಆಗ ಕನ್ನಡ ಜಿಲ್ಲೆಯೂ ಬಳ್ಳಾರಿಯೂ ಆ ಪ್ರಾಂತಕ್ಕೆ ಸೇರಿದ್ದವು. ಆದೇಶ ಹೊರಟಿತಾದರೂ ನೇಮಕದ ದಾರಿ ಬದಲಾಗಲಿಲ್ಲ; ಕಣ್ಣಿಗೆ ಬಿದ್ದವನಿಗೆ ಕೆಲಸ ಎಂಬ ರೂಢಿ ಇರುವವರೆಗೆ, ಕಣ್ಣಿಗೆ ಬೀಳುವ ಸೌಕರ್ಯ ಯಾರಿಗಿದೆಯೋ ಅವರಿಗೇ ಹುದ್ದೆಯೂ ಸಲ್ಲುತ್ತಿತ್ತು.

ಈ ರೂಢಿಯನ್ನು ಅಲುಗಿಸಿದ ಸಂಗತಿಗಳಲ್ಲಿ ಪರೀಕ್ಷೆಯನ್ನು ಎಲ್ಲರೂ ಹೆಸರಿಸುತ್ತಾರೆ. ಇಂಡಿಯನ್ ಸಿವಿಲ್ ಸರ್ವಿಸಿಗೆ 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾ ಪರೀಕ್ಷೆ ನಡೆಯಿತು; ಮೈಸೂರು ಸಂಸ್ಥಾನದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಪರೀಕ್ಷೆಯಷ್ಟು ಹೆಸರು ಪಡೆಯದಿದ್ದರೂ ಕೆಳಗಿನ ಹಂತದ ಅಭ್ಯರ್ಥಿಗೆ ಅದಕ್ಕಿಂತ ಹತ್ತಿರವಾಗಿದ್ದ ಬದಲಾವಣೆ ಅಂಚೆ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ತನ್ನ ಮೂಲವನ್ನು ಒಯ್ಯುವ ಮೈಸೂರು ಅಂಚೆ 1889ರಲ್ಲಿ ಇಂಪೀರಿಯಲ್ ಅಂಚೆಯಲ್ಲಿ ವಿಲೀನವಾಯಿತು. ಅದಕ್ಕೆ ಹತ್ತು ವರ್ಷ ಮೊದಲು, 1879ರಲ್ಲಿ, ಕಾಲಾಣೆಯ ಪೋಸ್ಟ್‌ಕಾರ್ಡು ಭಾರತದಲ್ಲಿ ಚಲಾವಣೆಗೆ ಬಂದಿತ್ತು. ಕಾಲಾಣೆಗೆ ಮೂರು ಕಾಸು. ಆದ್ದರಿಂದಲೇ 'ಮೂರು ಕಾಸಿನ ಕಾರ್ಡು' ಎಂಬ ಮಾತು ಕನ್ನಡದಲ್ಲಿ ಹುಟ್ಟಿಕೊಂಡಿತು. ಹತ್ತು ಹರದಾರಿ ನಡೆದು ಕಚೇರಿಯ ಬಾಗಿಲಲ್ಲಿ ದಿನವಿಡೀ ನಿಲ್ಲುವ ಬದಲು, ತನ್ನ ಅರ್ಜಿ ಏನಾಯಿತೆಂದು ಮೂರು ಕಾಸಿಗೆ ಕೇಳಬಹುದೆಂಬುದು ಬಡ ಅಭ್ಯರ್ಥಿಯ ಪಾಲಿಗೆ ಸಣ್ಣ ವಿಷಯವಾಗಿರಲಿಲ್ಲ.

ಪತ್ರ ಕಚೇರಿಯನ್ನು ಮುಟ್ಟಿದರೆ ಸಾಲದು, ಅಲ್ಲಿ ಅದು ಕಳೆದುಹೋಗಲೂ ಬಾರದು. ಇದಕ್ಕಾಗಿ ಬೆಳೆದುಬಂದದ್ದೇ ಟಪ್ಪಾಲು ವಹಿಯ ವ್ಯವಸ್ಥೆ. ಬಂದ ಪ್ರತಿ ಕಾಗದಕ್ಕೂ ದಿನಾಂಕದ ಮೊಹರು ಬಿದ್ದು, ಆವಕ ವಹಿಯಲ್ಲಿ ಕ್ರಮಾಂಕ ದಾಖಲಾಗಿ, ಯಾವ ಗುಮಾಸ್ತನ ಮೇಜಿಗೆ ಹೋಯಿತೆಂಬುದು ಬರೆಯಲ್ಪಡುತ್ತದೆ. ಹೊರಡುವ ಕಾಗದ ಜಾವಕ ವಹಿಯನ್ನು ಸೇರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮದ್ರಾಸ್ ಪ್ರಾಂತದ ಕಚೇರಿಗಳಿಗೆ ಬಂದ 'ಟಾಟನ್‌ಹ್ಯಾಮ್ ಪದ್ಧತಿ' ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಅದರಲ್ಲಿ ಪ್ರತಿ ಕಾಗದಕ್ಕೂ 'ಕರೆಂಟ್ ನಂಬರ್' ಎಂಬ ಅಂಕೆ, ಪ್ರತಿ ಗುಮಾಸ್ತನಿಗೂ ತನ್ನ ಕೈಯಲ್ಲಿರುವ ಕಾಗದಗಳ ಲೆಕ್ಕ ಒಪ್ಪಿಸುವ 'ಪರ್ಸನಲ್ ರಿಜಿಸ್ಟರ್', ಯಾವ ದಿನ ಯಾರಿಗೆ ಜ್ಞಾಪಿಸಬೇಕೆಂಬುದಕ್ಕೆ ಬೇರೆಯದೇ ಒಂದು ದಿನಚರಿ ಇದ್ದವು. ಹೀಗೆ ಜ್ಞಾಪನೆಯೆಂಬುದು ಕೃಪೆಯ ಯಾಚನೆಯಿಂದ ಕಚೇರಿಯ ನಿತ್ಯಕರ್ಮದ ಅಂಗವಾಗಿ ಮಾರ್ಪಟ್ಟಿತು. ಇಂದಿಗೂ ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವ 'ನೆನಪೋಲೆ' ಎಂಬ ಸೊಗಸಾದ ಪದ ಈ ಕ್ರಮದ ಕನ್ನಡ ರೂಪ. ಉತ್ತರ ಬಾರದಿದ್ದಾಗ ಹಿಂದಿನ ಪತ್ರವನ್ನು ಉಲ್ಲೇಖಿಸಿ ಬರೆಯುವ ಓಲೆ ಅದು. ಒಂದಕ್ಕೆ ಉತ್ತರ ಬಾರದಿದ್ದರೆ ನೆನಪೋಲೆ-2, ಆಮೇಲೆ ನೆನಪೋಲೆ-3 ಎಂದು ಅಂಕೆ ಏರುತ್ತದೆ.

ನೆನಪೋಲೆಯ ರಚನೆಯನ್ನು ಹತ್ತಿರದಿಂದ ನೋಡಿದರೆ ಅದರ ಬಲ ಎಲ್ಲಿದೆಯೆಂಬುದು ತಿಳಿಯುತ್ತದೆ. ಮೇಲೆ 'ಇವರಿಗೆ', 'ಇವರಿಂದ' ಎಂಬ ಎರಡು ವಿಳಾಸಗಳು. 'ಮಾನ್ಯರೇ' ಎಂಬ ಸಂಬೋಧನೆ. 'ವಿಷಯ' ಎಂಬಲ್ಲಿ ಒಂದೇ ಸಾಲು. 'ಉಲ್ಲೇಖ' ಎಂಬಲ್ಲಿ ಹಿಂದಿನ ಪತ್ರದ ಸಂಖ್ಯೆ ಮತ್ತು ದಿನಾಂಕ. ಕೆಳಗೆ ಎರಡು ಮೂರು ವಾಕ್ಯಗಳು, ಸಹಿ, ಲಗತ್ತುಗಳ ಪಟ್ಟಿ. ಇದರಲ್ಲಿ ಹೊಗಳಿಕೆಗಾಗಲಿ ಗೋಳಿಗಾಗಲಿ ಜಾಗವಿಲ್ಲ. ಉಲ್ಲೇಖದ ಸಾಲು ಇರುವುದರಿಂದ ಓದುವ ಗುಮಾಸ್ತನು ಬರೆದವನು ಯಾರ ಮಗನೆಂದು ವಿಚಾರಿಸದೆಯೇ ಕಡತವನ್ನು ತೆಗೆಯಬಲ್ಲನು. ಶಿಫಾರಸು ಮಾಡಿಸಲು ಯಾರೂ ಇಲ್ಲದವನಿಗೆ ಆ ಸಂಖ್ಯೆಯೇ ಶಿಫಾರಸಾಗಿ ನಿಂತಿತು, ಮತ್ತು ನಮ್ಮ ಕಚೇರಿಗಳ ಚರಿತ್ರೆಯಲ್ಲಿ ಇಷ್ಟು ಸದ್ದಿಲ್ಲದೆ ಸಮಾನತೆಯನ್ನು ತಂದ ಸಾಧನಗಳು ಬಹಳ ಇಲ್ಲ.

ವೈಯಕ್ತಿಕ ಪತ್ರವ್ಯವಹಾರದಲ್ಲಿ ಇದೇ ಗುಣ ಹೇಗೆ ಕೆಲಸ ಮಾಡಿತೆಂಬುದಕ್ಕೆ ದಕ್ಷಿಣ ಭಾರತದ ಅತ್ಯಂತ ಸುಪ್ರಸಿದ್ಧ ದಾಖಲೆಯೆಂದರೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಪತ್ರಗಳು. 1912ರ ಆರಂಭದಲ್ಲಿ ಮದ್ರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ತಿಂಗಳಿಗೆ 20 ರೂಪಾಯಿಯ ತಾತ್ಕಾಲಿಕ ಕೆಲಸದಲ್ಲಿದ್ದ ಅವರು, ಅದೇ ವರ್ಷದ ಫೆಬ್ರವರಿ 9ರಂದು ಮದ್ರಾಸ್ ಪೋರ್ಟ್ ಟ್ರಸ್ಟಿನ ಚೀಫ್ ಅಕೌಂಟೆಂಟರಿಗೆ ಗುಮಾಸ್ತ ಹುದ್ದೆಗಾಗಿ ಅರ್ಜಿ ಬರೆದರು. ತಾವು ಮೆಟ್ರಿಕ್ಯುಲೇಷನ್ ಮುಗಿಸಿ ಎಫ್.ಎ. ತರಗತಿಯವರೆಗೆ, ಎಂದರೆ ಅಂದಿನ ಇಂಟರ್‌ಮೀಡಿಯೆಟ್ ಮಟ್ಟದವರೆಗೆ, ಓದಿದ್ದನ್ನೂ, ಓದು ಮುಂದುವರಿಸಲಾಗದೆ ಹೋದದ್ದನ್ನೂ, ಗಣಿತದಲ್ಲಿ ಕಾಲ ಕಳೆದದ್ದನ್ನೂ ಅದರಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಇ.ಡಬ್ಲ್ಯು. ಮಿಡ್ಲ್‌ಮಾಸ್ಟ್ ಅವರ ಶಿಫಾರಸು ಪತ್ರವೂ ಅವರಿಗಿತ್ತು. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿಯ ಸಂಬಳದ ಮೇಲೆ ಅವರು ಕೆಲಸಕ್ಕೆ ಸೇರಿದರು. ಇಲ್ಲಿ ಉತ್ತರ ಬೇಗ ಬಂದಿತು; ಮುಂದಿನದು ಹಾಗಿರಲಿಲ್ಲ.

ಕೇಂಬ್ರಿಜ್ಜಿನ ಇಬ್ಬರು ಗಣಿತಜ್ಞರಿಗೆ ಬರೆದದ್ದು ಫಲ ಕೊಡದೆ ಹೋದ ಮೇಲೆ ರಾಮಾನುಜನ್ 1913ರ ಜನವರಿ 16ರಂದು ಜಿ.ಎಚ್. ಹಾರ್ಡಿಯವರಿಗೆ ಬರೆದರು, ಫೆಬ್ರವರಿ 8ರಂದು ಹಾರ್ಡಿ ಬರೆದ ಉತ್ತರದಲ್ಲಿ ಆಸಕ್ತಿಯ ಜೊತೆಗೆ, ಫಲಿತಾಂಶಗಳ ಪುರಾವೆಗಳನ್ನು ನೋಡಬೇಕೆಂಬ ಬೇಡಿಕೆಯೂ ಇತ್ತು. ಅದಕ್ಕೆ ಮರುತ್ತರವಾಗಿ ಫೆಬ್ರವರಿ 27ರಂದು ರಾಮಾನುಜನ್ ಬರೆದ ಎರಡನೆಯ ಪತ್ರ ಗಮನಾರ್ಹವಾದದ್ದು. ಮೊದಲ ಪತ್ರದ ಸಂಗತಿಯನ್ನೇ ಮತ್ತೆ ಹೇಳದೆ, ಹೊಸ ಫಲಿತಾಂಶಗಳನ್ನು ಕಳುಹಿಸಿ, ತಮ್ಮ ಅರೆಹೊಟ್ಟೆಯ ಸ್ಥಿತಿಯನ್ನು ನೇರವಾಗಿ ತಿಳಿಸಿ, ಒಂದೇ ಒಂದು ಸಹಾಯವನ್ನು ಅವರು ಕೇಳಿದ್ದರು: ವಿಶ್ವವಿದ್ಯಾನಿಲಯದಿಂದಲೋ ಸರ್ಕಾರದಿಂದಲೋ ವಿದ್ಯಾರ್ಥಿವೇತನ ದೊರಕಲು ಅನುವಾಗುವಂತೆ ಸಹಾನುಭೂತಿಯ ಒಂದು ಪತ್ರ. ಅದೇ ವರ್ಷ ಮದ್ರಾಸ್ ವಿಶ್ವವಿದ್ಯಾನಿಲಯ ಅವರಿಗೆ ತಿಂಗಳಿಗೆ 75 ರೂಪಾಯಿಯ ವಿದ್ಯಾರ್ಥಿವೇತನವನ್ನು ಕೊಟ್ಟಿತು. ಕೇಳಿದವನ ಪ್ರತಿಭೆ ಅಸಾಮಾನ್ಯವಾದದ್ದೆಂಬುದನ್ನು ಮರೆಯದೆಯೂ, ಪತ್ರದ ಕ್ರಮವನ್ನು ಮಾತ್ರ ತೆಗೆದುಕೊಂಡು ಹೇಳುವುದಾದರೆ, ಹಿಂದಿನ ಮಾತಿನ ಎಳೆಯನ್ನು ಹಿಡಿದು ಹೊಸದೊಂದನ್ನು ಸೇರಿಸಿ, ಓದುವವನು ಮಾಡಬಹುದಾದ ಒಂದು ಕೆಲಸವನ್ನು ಹೆಸರಿಸುವುದೇ ಅದರ ಪರಿಣಾಮಕ್ಕೆ ಕಾರಣವಾಯಿತು.

ಮೈಸೂರಿನಲ್ಲಿ ಈ ನಡುವೆ ಪ್ರಶ್ನೆಯ ಸ್ವರೂಪವೇ ಬದಲಾಗಿತ್ತು. ಒಬ್ಬೊಬ್ಬ ಉಮೇದುವಾರನು ತನಗಾಗಿ ಕೇಳುವುದರ ಬದಲು ಸಮುದಾಯಗಳೇ ಕೂಡಿ ಕೇಳತೊಡಗಿದವು. 1917ರಲ್ಲಿ ಹಿಂದುಳಿದ ಸಮುದಾಯಗಳ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಸ್ಥಾಪನೆಯಾಯಿತು. ಮರುವರ್ಷ ಈ ಸಮುದಾಯಗಳ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಿನ್ನವತ್ತಳೆಯನ್ನು ಒಪ್ಪಿಸಿದ್ದರ ಫಲವಾಗಿ, ಮೈಸೂರಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನವುಗಳಲ್ಲಿ ಮೂರನೇ ಎರಡಕ್ಕೂ ಕಡಿಮೆಯಿಲ್ಲದಂತೆ ಹಿಂದುಳಿದವರು ಇರಬೇಕೆಂದು ಅದು 1919ರಲ್ಲಿ ಶಿಫಾರಸು ಮಾಡಿತು. ಉಮೇದುವಾರಿಕೆಯ ಪದ್ಧತಿ ಯಾರನ್ನು ಹೊಸ್ತಿಲ ಆಚೆ ನಿಲ್ಲಿಸಿತ್ತೋ ಅವರ ಪರವಾಗಿ ನಡೆದ ಈ ಕೇಳಿಕೆ, ಈ ಪ್ರಬಂಧದ ದೃಷ್ಟಿಯಿಂದ, ಕನ್ನಡ ನಾಡಿನಲ್ಲಿ ಬರೆಯಲಾದ ಎಲ್ಲ ನೆನಪೋಲೆಗಳಿಗಿಂತ ದೊಡ್ಡದು. ಮೈಸೂರು ರಾಜ್ಯದ ಲೋಕಸೇವಾ ಆಯೋಗ 1951ರಲ್ಲಿ ಸ್ಥಾಪನೆಯಾದ ಮೇಲೆ ನೇಮಕವು ಕಚೇರಿಯ ಮುಖ್ಯಸ್ಥನ ಕೈಯಿಂದ ಪ್ರತ್ಯೇಕ ಸಂಸ್ಥೆಯ ಕೈಗೆ ಬಂದಿತು. ಶಿಫಾರಸು ತರುವುದು ಅನರ್ಹತೆಗೆ ಕಾರಣವಾಗುತ್ತದೆಂಬ ಎಚ್ಚರಿಕೆ ಹುದ್ದೆಯ ಪ್ರಕಟಣೆಗಳಲ್ಲಿ ಕಡ್ಡಾಯದ ಸಾಲಾಯಿತು. ಒಂದು ಕಾಲದಲ್ಲಿ ನೌಕರಿಗೆ ಇದ್ದ ಏಕೈಕ ದಾರಿಯೇ ಹೀಗೆ ಅಪರಾಧವಾಗಿ ಬದಲಾದದ್ದಕ್ಕೆ ನೂರು ವರ್ಷಗಳೂ ಹಿಡಿಯಲಿಲ್ಲ.

ಎರಡನೆಯ ಮಹಾಯುದ್ಧದ ಸೈನಿಕರಿಗಾಗಿ 1945ರಲ್ಲಿ ಆರಂಭವಾಗಿ ಸ್ವಾತಂತ್ರ್ಯದ ನಂತರ ಎಲ್ಲರಿಗೂ ತೆರೆದ ಉದ್ಯೋಗ ವಿನಿಮಯ ಕಚೇರಿಗಳು ಕಾಯುವಿಕೆಗೆ ಸಾಲಿನ ರೂಪ ಕೊಟ್ಟವು. ಮಂಗಳೂರಿನವರಾದ ಬಿ. ಶಿವರಾವ್ ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯ ಮೇರೆಗೆ 1956ರಲ್ಲಿ ಅವುಗಳ ದೈನಂದಿನ ಆಡಳಿತ ರಾಜ್ಯಗಳಿಗೆ ಬಂದಿತು. 25 ಅಥವಾ ಹೆಚ್ಚು ಜನರಿಗೆ ಕೆಲಸ ಕೊಡುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಈ ಕಚೇರಿಗೆ ತಿಳಿಸಬೇಕೆಂದು 1959ರ ಕಾಯ್ದೆ ವಿಧಿಸಿತು; ತಿಳಿಸುವುದು ಕಡ್ಡಾಯವೇ ಹೊರತು ಅಲ್ಲಿಂದಲೇ ನೇಮಿಸಿಕೊಳ್ಳುವುದು ಕಡ್ಡಾಯವಾಗಿರಲಿಲ್ಲ. ಗೊತ್ತಾದ ಅವಧಿಯೊಳಗೆ ನೋಂದಣಿ ಕಾರ್ಡನ್ನು ನವೀಕರಿಸಿಕೊಳ್ಳದಿದ್ದರೆ ನೋಂದಣಿಯ ಜ್ಯೇಷ್ಠತೆ ಹೋಗುತ್ತಿದ್ದುದರಿಂದ, ಎರಡು ಮೂರು ತಲೆಮಾರುಗಳ ಕನ್ನಡ ಯುವಜನರಿಗೆ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿದು ಹೋಗಿ ಕಾರ್ಡಿನ ಮೇಲೆ ಮೊಹರು ಹಾಕಿಸಿಕೊಂಡು ಬರುವುದೇ ಉಮೇದುವಾರಿಕೆಯ ಹೊಸ ರೂಪವಾಯಿತು.

ಇನ್ನು 'ಸಂದರ್ಶನ' ಎಂಬ ಮಾತು. ಸಂಸ್ಕೃತದಲ್ಲಿ ಅದು ಚೆನ್ನಾಗಿ ನೋಡುವುದು, ದೇವರನ್ನೋ ಹಿರಿಯರನ್ನೋ ಕಾಣುವುದು ಎಂಬ ಅರ್ಥದ್ದು. ಅಲ್ಲಿ ಕಾಣಲು ಹೋದವನೇ ನೋಡುವವನು; ಇಂದಿನ ಬಳಕೆಯಲ್ಲಿ ಹೋದವನು ನೋಡಲ್ಪಡುವವನಾಗಿದ್ದಾನೆ. ಲಿಖಿತ ಪರೀಕ್ಷೆಯ ಜೊತೆಗೆ ಮೌಖಿಕ ಪರೀಕ್ಷೆಯೂ ಇರಬೇಕೆಂದು ಬ್ರಿಟನ್ನಿನಲ್ಲಿ 1917ರ ಲೀತ್ಸ್ ಸಮಿತಿ ಸಲಹೆ ಕೊಟ್ಟ ಮೇಲೆ ಸಿವಿಲ್ ಸೇವೆಗಳ ಆಯ್ಕೆಯಲ್ಲಿ ಸಂದರ್ಶನಕ್ಕೆ ಅಂಕಗಳು ನೆಲೆಗೊಂಡವು. ಅಂಕಗಳು ಎಷ್ಟಿರಬೇಕೆಂಬ ವಿವಾದ ಸುಪ್ರೀಂ ಕೋರ್ಟಿಗೆ ಹೋದದ್ದರಲ್ಲಿ ಮೈಸೂರಿನ ಪಾಲೂ ಇದೆ: 1964ರ ಚಿತ್ರಲೇಖಾ ಪ್ರಕರಣದಲ್ಲಿ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಮೈಸೂರು ಸರ್ಕಾರ ಗೊತ್ತುಪಡಿಸಿದ್ದ ಸಂದರ್ಶನ ಕ್ರಮವನ್ನು ಬಹುಮತದ ತೀರ್ಪು ಎತ್ತಿಹಿಡಿಯಿತು. ಹದಿನಾರು ವರ್ಷಗಳ ನಂತರ ಅಜಯ್ ಹಾಸಿಯಾ ಪ್ರಕರಣದಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಮಾತಾಡಿಸಿ 150ರಲ್ಲಿ 50 ಅಂಕಗಳನ್ನು ಹಂಚಿದ್ದು ಅದೇ ನ್ಯಾಯಾಲಯದ ಮುಂದೆ ಬಂದಾಗ, ಸಂದರ್ಶನದ ಪಾಲು ಶೇಕಡಾ 15ನ್ನು ಮೀರಬಾರದೆಂಬ ಅಭಿಪ್ರಾಯ ಹೊರಟಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಲ್ಲಿ ಸಂದರ್ಶನವೇ ನಿಂತುಹೋಯಿತು.

ಫಲಿತಾಂಶದ ನಂತರ ಕೇಳುವ ಹಕ್ಕಿಗೆ ಕಾನೂನಿನ ಬೆಂಬಲ ಬಂದದ್ದು ತೀರ ಈಚೆಗೆ. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲಿಯೇ ಮಾಡಿಕೊಂಡಿತು. 2005ರ ಕೇಂದ್ರ ಕಾಯ್ದೆ 30 ದಿನಗಳೊಳಗೆ ಉತ್ತರ ಕೊಡುವುದನ್ನು ಸಾರ್ವಜನಿಕ ಸಂಸ್ಥೆಗಳ ಕರ್ತವ್ಯವಾಗಿಸಿತು. ಪರೀಕ್ಷೆ ಬರೆದವನು ತನ್ನ ಉತ್ತರಪತ್ರಿಕೆಯನ್ನು ನೋಡಬಹುದೆಂದು 2011ರಲ್ಲಿಯೂ, ಸಂದರ್ಶನ ಮಂಡಳಿಯ ಸದಸ್ಯರ ಹೆಸರುಗಳನ್ನು ಬಹಿರಂಗಪಡಿಸಬೇಕಾಗಿಲ್ಲವೆಂದು 2012ರಲ್ಲಿಯೂ ಸುಪ್ರೀಂ ಕೋರ್ಟು ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ, ತನಗೇನಾಯಿತೆಂದು ತಿಳಿಯುವ ಹಕ್ಕು ಅಭ್ಯರ್ಥಿಯದು, ಆದರೆ ತೀರ್ಮಾನಿಸಿದವರ ಬೆನ್ನು ಹತ್ತುವ ಹಕ್ಕು ಅವನದಲ್ಲ ಎಂಬ ನ್ಯಾಯವಾದ ಗೆರೆ ಕಾಣುತ್ತದೆ.

ಖಾಸಗಿ ವಲಯದ ಚರಿತ್ರೆ ಬೇರೆ. ಬೆಂಗಳೂರಿನಲ್ಲಿ 1980ರ ದಶಕದಿಂದ ಬೆಳೆದ ಸಾಫ್ಟ್‌ವೇರ್ ಉದ್ಯಮದೊಂದಿಗೆ ಸಂದರ್ಶನದ ಮರುದಿನ ಕೃತಜ್ಞತೆಯ ಪತ್ರ ಕಳುಹಿಸುವ ಅಮೆರಿಕದ ರೂಢಿಯೂ ಇಲ್ಲಿಗೆ ಬಂದಿತು. ಕಾಗದದ ಬದಲು ಇಮೇಲ್, ಶಿರಸ್ತೇದಾರನ ಬದಲು ಎಚ್‌ಆರ್ ಬಂದರೂ, ಒಳ್ಳೆಯ ಪತ್ರದ ಅಂಗಗಳು ಬದಲಾಗಲಿಲ್ಲ: ಯಾವ ಹುದ್ದೆ, ಯಾವ ದಿನ ಭೇಟಿಯಾದದ್ದು ಎಂಬ ಉಲ್ಲೇಖ, ಮಾತುಕತೆಯಲ್ಲಿ ಬಂದ ವಿಷಯಕ್ಕೆ ಸಂಬಂಧಿಸಿದ ಒಂದು ಹೊಸ ಸಂಗತಿ, ತೀರ್ಮಾನ ಯಾವಾಗ ತಿಳಿಯಬಹುದೆಂಬ ಒಂದೇ ಪ್ರಶ್ನೆ. ಅವರು ಹೇಳಿದ ಗಡುವು ಕಳೆದ ಮೇಲೆ ಒಂದು ನೆನಪೋಲೆ ಸಲ್ಲುತ್ತದೆ. ದಿನವೂ ಫೋನ್ ಮಾಡುವುದಾಗಲಿ, ಪರಿಚಿತರಿಂದ ಹೇಳಿಸುವುದಾಗಲಿ ಹಳೆಯ ಕಚೇರಿಯ ಜಗುಲಿಗೆ ಮರಳಿದಂತೆ.

ಒಂದು ಕೊರತೆ ಮಾತ್ರ ಹಾಗೆಯೇ ಉಳಿದಿದೆ. ಸಂದರ್ಶನಕ್ಕೆ ಕರೆದು ಆಯ್ಕೆ ಮಾಡದ ಅಭ್ಯರ್ಥಿಗೆ ಆ ಸಂಗತಿಯನ್ನು ತಿಳಿಸಲೇಬೇಕೆಂಬ ವಿಧಿ ಭಾರತದ ಖಾಸಗಿ ಸಂಸ್ಥೆಗಳ ಮೇಲೆ ಇಲ್ಲ. ಅಭ್ಯರ್ಥಿ ಊರಿನಿಂದ ಬಸ್ಸಿನ ಖರ್ಚು ಹೊತ್ತು, ಸಾಲದ ಅಂಗಿ ತೊಟ್ಟು ಬಂದಿರುತ್ತಾನೆ. ಉತ್ತರ ಬರುವವರೆಗೆ ಇನ್ನೊಂದು ಕೆಲಸವನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂದು ತಿಳಿಯದೆ ಕುಳಿತಿರುತ್ತಾನೆ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಜವಾಬ್ದಾರಿಯಲ್ಲಿರುವ ಕನ್ನಡಿಗರು, ಅವರದು ಐದು ಜನರ ಅಂಗಡಿಯಾಗಿರಲಿ ಐದು ಸಾವಿರ ಜನರ ಕಂಪನಿಯಾಗಿರಲಿ, ಸಂದರ್ಶನದ ದಿನವೇ ತೀರ್ಮಾನದ ದಿನಾಂಕವನ್ನು ಹೇಳಿ, ಆ ದಿನಾಂಕದಂದು ಆಯ್ಕೆಯಾಗದವರಿಗೂ ಒಂದು ಸಾಲಿನ ಉತ್ತರವನ್ನು ಬರೆಯಬೇಕು.